ಮಳೆ ಲೆಕ್ಕ ಸರಿ, ಸಾಲು ತಪ್ಪು: ಪಿಎಚ್‌ಪಿಯಲ್ಲಿ ಅಸೋಸಿಯೇಟಿವ್ ಅರೇ ಸರಿಯಾಗಿ ಸಾರ್ಟ್ ಆಗದಿದ್ದರೆ ಏನು ನೋಡಬೇಕು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಮಳೆ ಅಳೆದು ಬರೆದಿಡುತ್ತಿದ್ದರು. ಅಂಗಳದ ತುದಿಯಲ್ಲಿ ಮಳೆಮಾಪಕ ಇತ್ತು. ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಕೊಡೆ ಹಿಡಿದು ಹೋಗಿ ನೋಡಿ ಬರುತ್ತಿದ್ದರು. ಡೈರಿಯಲ್ಲಿ ಜೂನ್, ಜುಲೈ ಅಂತ ಲೆಕ್ಕ ಇಲ್ಲ. ಮಳೆ ನಕ್ಷತ್ರದ ಲೆಕ್ಕ. ಮೃಗಶಿರದಲ್ಲಿ ಎಷ್ಟು, ಆರಿದ್ರಾದಲ್ಲಿ ಎಷ್ಟು, ಪುಷ್ಯದಲ್ಲಿ ಎಷ್ಟು, ಹೀಗೆ.

ಅಕ್ಕನ ಮಗಳು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದಾಗ ಮೊದಲು ಎತ್ತಿಕೊಂಡಿದ್ದು ಇದೇ ಡೈರಿಯನ್ನು. ಯಾವ ನಕ್ಷತ್ರದಲ್ಲಿ ಮಳೆ ಜಾಸ್ತಿ ಅಂತ ಮೇಲಿಂದ ಕೆಳಗೆ ತೋರಿಸಬೇಕು, ಅಷ್ಟೇ ಅವಳ ಆಸೆ. ಅದಕ್ಕೆ ಮೂರು ಸಂಜೆ ಹಿಡಿಯಿತು. ಪ್ರತಿ ಸಂಜೆಯೂ ಹೊಸ ತೊಂದರೆ. ಅವಳು ಸಾರ್ಟ್ ಫಂಕ್ಷನ್‌ಗಳನ್ನು ಒಂದಾದ ಮೇಲೊಂದು ಬದಲಿಸಿ ನೋಡುತ್ತಿದ್ದಳು. ಕಾರಣ ಮಾತ್ರ ಹೆಚ್ಚಿನ ಸಲ ಅರೇ ಒಳಗೇ ಇತ್ತು. ನಾವು ಏನು ಕಂಡೆವು, ಏನು ಹುಡುಕಿದೆವು ಅನ್ನುವುದನ್ನು ಬೇರೆ ಹೊಸಬರಿಗೂ ಸಿಗಲಿ ಅಂತ ಬರೆಯುತ್ತಿದ್ದೇನೆ.

ಅಭ್ಯಾಸಕ್ಕೆ ಇಟ್ಟುಕೊಂಡ ಅರೇ, ಅಂದರೆ ಪಟ್ಟಿ, ಇದು. ಎಡಗಡೆಯ ಹೆಸರು ಕೀ, ಬಲಗಡೆಯ ಅಂಕಿ ಅದರ ಬೆಲೆ (ವ್ಯಾಲ್ಯೂ). ಹೀಗೆ ಹೆಸರೇ ಕೀ ಆಗಿರುವುದಕ್ಕೆ ಅಸೋಸಿಯೇಟಿವ್ ಅರೇ ಅನ್ನುತ್ತಾರೆ. ಅಂಕಿಗಳು ಉದಾಹರಣೆಗೆ ಹಾಕಿದವು, ಮಿಲಿಮೀಟರ್‌ನಲ್ಲಿವೆ:

$ಮಳೆ = [
'ಮೃಗಶಿರ' => 312,
'ಆರಿದ್ರಾ' => 548,
'ಪುನರ್ವಸು' => 731,
'ಪುಷ್ಯ' => 1020,
'ಆಶ್ಲೇಷಾ' => 694,
'ಮಖೆ' => 405,
];

ಕನ್ನಡದಲ್ಲಿ ವೇರಿಯಬಲ್ ಹೆಸರು ಇಡಬಹುದಾ ಅಂತ ಅನುಮಾನ ಬೇಡ. ಪಿಎಚ್‌ಪಿ ಒಪ್ಪುತ್ತದೆ. ಫೈಲನ್ನು ಯುಟಿಎಫ್-8ನಲ್ಲಿ ಉಳಿಸಿದರೆ ಸಾಕು. ಫಂಕ್ಷನ್‌ಗಳ ಹೆಸರನ್ನು ನಾನು ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ವಾರ್-ಡಂಪ್ ಅಂದರೆ var_dump, ಅರೇ-ಸಮ್ ಅಂದರೆ array_sum, ಎ-ಸಾರ್ಟ್ ಅಂದರೆ asort, ಯು-ಎ-ಸಾರ್ಟ್ ಅಂದರೆ uasort, ಸ್ಟ್ರಿಂಗ್-ರೀಪ್ಲೇಸ್ ಅಂದರೆ str_replace, ಎಸ್-ಟಿ-ಆರ್-ಟಿ-ಆರ್ ಅಂದರೆ strtr, ಹೀಗೆ.

ಮೊದಲು ಮಾಡಬೇಕಾದ್ದು

ಸಾರ್ಟ್ ಮಾಡುವ ಸಾಲಿನ ಮುಂಚೆ ಒಂದು ವಾರ್-ಡಂಪ್, ಆಮೇಲೆ ಒಂದು ವಾರ್-ಡಂಪ್ ಹಾಕಿ. ಎಕೋ ಬೇಡ, ಪ್ರಿಂಟ್-ಆರ್ ಕೂಡ ಬೇಡ. ಅವು ಬೆಲೆಯನ್ನಷ್ಟೇ ತೋರಿಸುತ್ತವೆ. ವಾರ್-ಡಂಪ್ ಆದರೆ ಅದು ಇಂಟ್ (ಪೂರ್ಣಾಂಕ) ಹೌದೋ ಸ್ಟ್ರಿಂಗ್ (ಬರಹ) ಹೌದೋ, ಸ್ಟ್ರಿಂಗ್ ಆದರೆ ಎಷ್ಟು ಬೈಟ್ ಉದ್ದ ಅಂತಲೂ ಹೇಳುತ್ತದೆ. ಮುಂದೆ ಬರುವ ಅರ್ಧ ದೋಷಗಳು ಆ ಉದ್ದದಲ್ಲೇ ಸಿಕ್ಕಿಬಿದ್ದವು.

ಜೊತೆಗೆ ಎರಡು ಲೆಕ್ಕ ಬರೆದಿಟ್ಟುಕೊಳ್ಳಿ. ಕೌಂಟ್ ಎಷ್ಟು, ಅರೇ-ಸಮ್ ಎಷ್ಟು. ನಮ್ಮ ಅರೇಯಲ್ಲಿ ಕೌಂಟ್ 6, ಮೊತ್ತ 3710. ಸಾರ್ಟ್ ಆದ ಮೇಲೆ ಇವೆರಡೂ ಬದಲಾಗಬಾರದು. ಅದಕ್ಕಿಂತ ಮುಖ್ಯ, ಕಾಗದದ ಮೇಲೆ ಕೂಡಿದ ಮೊತ್ತಕ್ಕೆ ಇವು ಮೊದಲೇ ಹೊಂದಬೇಕು.

ನಕ್ಷತ್ರದ ಹೆಸರು ಹೋಗಿ 0, 1, 2 ಬಂದಿದೆ

ಇದು ಮೊದಲ ಸಂಜೆಯ ಕಥೆ. ಅವಳು ಸಾರ್ಟ್ ಬಳಸಿದ್ದಳು. 312, 405, 548, 694, 731, 1020 ಅಂತ ಸಾಲು ಚೆನ್ನಾಗಿಯೇ ಬಂತು. ಯಾವ ಮಳೆ ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ.

ಅಡಿಕೆ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂಟೆಯ ಮೇಲೆ ಬೆಳೆಗಾರನ ಹೆಸರಿನ ಚೀಟಿ ಇರುತ್ತದೆ. ಮೂಟೆಗಳನ್ನು ತೂಕದ ಪ್ರಕಾರ ಸಾಲಾಗಿ ಇಡು ಅಂದರೆ ಇಡಬಹುದು. ಆದರೆ ಚೀಟಿ ಕಿತ್ತು ಹಾಕಿ ಇಟ್ಟರೆ ಆ ಸಾಲಿನಿಂದ ಏನು ಪ್ರಯೋಜನ? ಅಸೋಸಿಯೇಟಿವ್ ಅರೇಯಲ್ಲಿ ಕೀ ಅನ್ನುವುದು ಆ ಚೀಟಿ. ಸಾರ್ಟ್ ಫಂಕ್ಷನ್ ಚೀಟಿಯನ್ನು ಕಿತ್ತು, 0ಯಿಂದ ಹೊಸ ನಂಬರ್ ಅಂಟಿಸುತ್ತದೆ. ಆರ್-ಸಾರ್ಟ್, ಯು-ಸಾರ್ಟ್ ಕೂಡ ಹಾಗೇ ಮಾಡುತ್ತವೆ.

ಚೀಟಿ ಉಳಿಯಬೇಕಾದರೆ ಎ-ಸಾರ್ಟ್. ಹೆಸರಿನ ಮೊದಲಿರುವ 'ಎ' ಅಸೋಸಿಯೇಟಿವ್‌ನ 'ಎ' ಅಂತ ನೆನಪಿಟ್ಟುಕೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಬೇಕಾದರೆ ಎ-ಆರ್-ಸಾರ್ಟ್. ಚೀಟಿಯ ಹೆಸರಿನ ಮೇಲೆಯೇ ಜೋಡಿಸಬೇಕಾದರೆ ಕೆ-ಸಾರ್ಟ್, ಅದರ ಉಲ್ಟಾ ಕೆ-ಆರ್-ಸಾರ್ಟ್. ನಿಮ್ಮದೇ ನಿಯಮ ಇದ್ದರೆ ಬೆಲೆಗೆ ಯು-ಎ-ಸಾರ್ಟ್, ಕೀಗೆ ಯು-ಕೆ-ಸಾರ್ಟ್.

ಒಂದು ಸಲ ಸಾರ್ಟ್ ಓಡಿಸಿಬಿಟ್ಟರೆ ಹೋದ ಕೀ ವಾಪಸ್ ಬರುವುದಿಲ್ಲ. ಕೆಳಗಿನ ಸಾಲಿನಲ್ಲಿ ಎ-ಸಾರ್ಟ್ ಸೇರಿಸಿದರೂ ಉಪಯೋಗ ಇಲ್ಲ. ಮೇಲಿನ ಸಾರ್ಟನ್ನೇ ತೆಗೆಯಬೇಕು.

ಸಾಲಿನ ಬದಲು ಬರೀ 1 ಕಾಣುತ್ತಿದೆ

ಹೀಗೆ ಬರೆದಿರುತ್ತೀರಿ: $ಹೊಸದು = ಎ-ಸಾರ್ಟ್($ಮಳೆ). ಪಿಎಚ್‌ಪಿಯ ಈ ಫಂಕ್ಷನ್‌ಗಳು ಹೊಸ ಅರೇ ಕೊಡುವುದಿಲ್ಲ. ಕೊಟ್ಟ ಅರೇಯನ್ನೇ ಜೋಡಿಸಿ, ಕೆಲಸ ಆಯಿತು ಅಂತ ಟ್ರೂ ಹೇಳುತ್ತವೆ. ಟ್ರೂವನ್ನು ಎಕೋ ಮಾಡಿದರೆ 1. ಅದನ್ನೇ ಫಾರ್-ಈಚ್‌ಗೆ ಕೊಟ್ಟರೆ ಎಚ್ಚರಿಕೆ ಬರುತ್ತದೆ. ಎಡಗಡೆಯ $ಹೊಸದು ತೆಗೆದು, $ಮಳೆಯನ್ನೇ ಓದಿ. ಹಳೆ ಕ್ರಮವೂ ಬೇಕಿದ್ದರೆ ಮೊದಲು $ಪ್ರತಿ = $ಮಳೆ ಅಂತ ನಕಲು ಮಾಡಿ, ನಕಲನ್ನು ಜೋಡಿಸಿ.

ಏನೂ ಬದಲಾಗಿಲ್ಲ

ಸಾರ್ಟನ್ನು ಫಂಕ್ಷನ್ ಒಳಗೆ ಮಾಡಿದ್ದೀರಾ? ಅರೇಯನ್ನು ಫಂಕ್ಷನ್‌ಗೆ ಕೊಟ್ಟಾಗ ಒಳಗೆ ಹೋಗುವುದು ನಕಲು. ಒಳಗೆ ಜೋಡಿಸಿದ್ದು ಒಳಗೇ ಉಳಿಯುತ್ತದೆ. ಕೊನೆಯಲ್ಲಿ ರಿಟರ್ನ್ ಮಾಡಿ, ಹೊರಗೆ ಹಿಡಿದುಕೊಳ್ಳಿ.

ಇನ್ನೊಂದು ಕಾರಣ ಸ್ವಲ್ಪ ಅಡಗಿರುತ್ತದೆ. 0, 1, 2 ಕೀಗಳಿರುವ ಮಾಮೂಲಿ ಅರೇಗೆ ಎ-ಸಾರ್ಟ್ ಮಾಡಿ, ಅದನ್ನು $ಕ್ರಮಸಂಖ್ಯೆ 0ಯಿಂದ ಏರುವ ಫಾರ್ ಲೂಪ್‌ನಲ್ಲಿ ಓದಿದರೆ ಹಳೆ ಸಾಲೇ ಬರುತ್ತದೆ. ಎ-ಸಾರ್ಟ್ ಕೀಗಳನ್ನು ಉಳಿಸಿದೆ, ನೀವು ಕೀ ಹಿಡಿದೇ ಓದುತ್ತಿದ್ದೀರಿ. ಫಾರ್-ಈಚ್ ಬಳಸಿ. ಅದು ಅರೇ ಈಗ ಇರುವ ಕ್ರಮದಲ್ಲಿ ಓದುತ್ತದೆ.

ಅತಿ ಹೆಚ್ಚು ಮಳೆ ಬಂದದ್ದು ಕೊನೆಯಲ್ಲಿ ಕೂತಿದೆ

ಎರಡನೇ ಸಂಜೆ ಪೂರ್ತಿ ಹೋಗಿದ್ದು ಇದಕ್ಕೇ. ಎ-ಆರ್-ಸಾರ್ಟ್ ಹಾಕಿದ್ದಳು. 731ರ ಪುನರ್ವಸು ಮೇಲೆ ಬಂತು. 1020ರ ಪುಷ್ಯ ಎಲ್ಲಕ್ಕಿಂತ ಕೆಳಗೆ, ಮೃಗಶಿರಕ್ಕಿಂತಲೂ ಕೆಳಗೆ ಕೂತಿತ್ತು. ಹೊರಗೆ ಜೋರು ಮಳೆ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಅವಳು ಫಂಕ್ಷನ್ ಬದಲಿಸಿ ಬದಲಿಸಿ ಸುಸ್ತಾಗಿದ್ದಳು.

ವಾರ್-ಡಂಪ್ ಹಾಕಿದೆವು. ಉಳಿದವೆಲ್ಲ ಇಂಟ್. ಪುಷ್ಯ ಮಾತ್ರ 5 ಬೈಟಿನ ಸ್ಟ್ರಿಂಗ್. ಸಾವಿರ ದಾಟಿದ ಅಂಕಿ ಅದೊಂದೇ. ಅದನ್ನು ನಾವು ಕೈಯಲ್ಲಿ ಬರೆಯುವ ಹಾಗೆ '1,020' ಅಂತ ಕಾಮಾ ಹಾಕಿ ಟೈಪ್ ಮಾಡಿದ್ದಳು. ಕಾಮಾ ಇದ್ದರೆ ಪಿಎಚ್‌ಪಿಗೆ ಅದು ಸಂಖ್ಯೆಯಲ್ಲ, ಬರಹ. ಬರಹವನ್ನು ಎಡಗಡೆಯಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ. 1 ಅನ್ನುವುದು 3ಕ್ಕಿಂತ ಮೊದಲು. ಅಲ್ಲಿಗೆ ಮುಗಿಯಿತು, ಮುಂದಿನದನ್ನು ನೋಡುವುದೇ ಇಲ್ಲ.

ಇಲ್ಲಿ ತುಂಬ ಜನ ಸಂಖ್ಯೆಯಾಗಿಯೇ ಹೋಲಿಸು ಅನ್ನುವ ಸಾರ್ಟ್-ನ್ಯೂಮರಿಕ್ (SORT_NUMERIC) ಫ್ಲ್ಯಾಗ್ ಹಾಕಿ ನೋಡುತ್ತಾರೆ. ನಾವೂ ಹಾಕಿದೆವು. ಅದು ಸ್ಟ್ರಿಂಗನ್ನು ಸಂಖ್ಯೆ ಮಾಡುವಾಗ ಕಾಮಾ ಕಂಡ ಕೂಡಲೇ ನಿಲ್ಲುತ್ತದೆ. '1,020' ಬರೀ 1 ಆಗುತ್ತದೆ. ಎಚ್ಚರಿಕೆ ಒಂದೂ ಬರುವುದಿಲ್ಲ. ಮೊತ್ತ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು. 3710 ಬರಬೇಕಾದ ಕಡೆ 2691 ಇತ್ತು. ಒಂದು ಸಾವಿರದ ಹತ್ತೊಂಬತ್ತು ಮಿಲಿಮೀಟರ್ ಮಳೆ ಒಂದು ಕಾಮಾದಲ್ಲಿ ಕೊಚ್ಚಿಹೋಗಿತ್ತು.

ಸ್ಟ್ರಿಂಗ್-ರೀಪ್ಲೇಸ್‌ನಿಂದ ಕಾಮಾ ತೆಗೆದು ಇಂಟ್ ಮಾಡಿ, ಆಮೇಲೆ ಜೋಡಿಸಿ. ಪರದೆಯ ಮೇಲೆ ಕಾಮಾ ಬೇಕಾದರೆ ತೋರಿಸುವ ಹೊತ್ತಿಗೆ ಹಾಕಿ. ಅರೇ ಒಳಗೆ ಶುದ್ಧ ಸಂಖ್ಯೆಯೇ ಇರಲಿ. ಅಡಿಕೆ ಧಾರಣೆ ಪಟ್ಟಿ ಮಾಡುವವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಅಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲದರ ಬೆಲೆಗೂ ಕಾಮಾ ಇರುತ್ತದೆ. ಎಲ್ಲವೂ ಐದಂಕಿ ಇರುವ ತನಕ ಸಾಲು ಸರಿಯಾಗಿಯೇ ಕಾಣುತ್ತದೆ. ಸರಕಿನ ಬೆಲೆ ಲಕ್ಷ ದಾಟಿದ ದಿನ ಅದು ಪಟ್ಟಿಯ ತಳಕ್ಕೆ ಹೋಗುತ್ತದೆ.

ಕಾಮಾ ತೆಗೆದ ಮೇಲೆ ಅವಳು ಹಳೆಯ ವರ್ಷಗಳನ್ನೂ ಸೇರಿಸಲು ಹೊರಟಳು. ಆಗ ಎದುರಾಗಿದ್ದು ಕನ್ನಡ ಅಂಕಿ. ಅಜ್ಜ ಬರೆದದ್ದು ೩೧೨, ೫೪೮, ೧೦೨೦ ಅಂತ. ಅವಳು ಪ್ರೀತಿಯಿಂದ ಹಾಗೇ ಟೈಪ್ ಮಾಡಿದ್ದಳು. ನಮಗೆ ಅದು ಸಂಖ್ಯೆ. ಪಿಎಚ್‌ಪಿಗೆ ಮಾತ್ರ ೧೦೨೦ ಅಂದರೆ 12 ಬೈಟಿನ ಬರಹ, ಅಂಕಿಗೆ 3 ಬೈಟ್ ಲೆಕ್ಕದಲ್ಲಿ. ಇಂಟ್ ಮಾಡಿದರೆ 0 ಸಿಗುತ್ತದೆ. ಸಾರ್ಟ್-ನ್ಯೂಮರಿಕ್ ಹಾಕಿದರೆ ಎಲ್ಲವೂ 0, ಎಲ್ಲವೂ ಸಮ, ಹಾಗಾಗಿ ಸಾಲು ಕದಲುವುದೇ ಇಲ್ಲ. ಅರೇ-ಸಮ್ 0 ಬಂದರೆ ನೇರವಾಗಿ ಇಲ್ಲಿಗೇ ಬನ್ನಿ.

ಡೈರಿಯ ಅಂಕಿಗಳನ್ನು ಬದಲಿಸಬೇಕಾಗಿಲ್ಲ. ಎಸ್-ಟಿ-ಆರ್-ಟಿ-ಆರ್ ಫಂಕ್ಷನ್‌ಗೆ ಒಂದು ಅರೇ ಕೊಡಿ:

['೦' => '0', '೧' => '1', '೨' => '2', '೩' => '3', '೪' => '4', '೫' => '5', '೬' => '6', '೭' => '7', '೮' => '8', '೯' => '9']

ಅರೇ ಅಂತಲೇ ಕೊಡಿ. ಇದೇ ಫಂಕ್ಷನ್‌ಗೆ ಎರಡು ಸ್ಟ್ರಿಂಗ್ ಕೊಡುವ ಇನ್ನೊಂದು ರೀತಿ ಇದೆ. ಅದು ಬೈಟ್ ಬೈಟಾಗಿ ಬದಲಿಸುತ್ತದೆ. ಕನ್ನಡ ಅಂಕಿಗೆ 3 ಬೈಟ್ ಇರುವುದರಿಂದ ಎಲ್ಲ ಕಲಸಿಹೋಗುತ್ತದೆ.

ಮೃಗಶಿರ ಮಳೆ ಕೊನೆಗೆ ಹೋಗಿದೆ

ಇದು ದೋಷ ಅಲ್ಲ, ಆದರೆ ದೋಷದ ಹಾಗೆ ಕಾಣುತ್ತದೆ. ಮಳೆಗಾಲದ ಕ್ರಮದಲ್ಲೇ ತೋರಿಸೋಣ ಅಂತ ಅವಳು ಕೆ-ಸಾರ್ಟ್ ಹಾಕಿದಳು. ಬಂದ ಸಾಲು ಹೀಗಿತ್ತು: ಆರಿದ್ರಾ, ಆಶ್ಲೇಷಾ, ಪುನರ್ವಸು, ಪುಷ್ಯ, ಮಖೆ, ಮೃಗಶಿರ. ಜೂನ್ ಮೊದಲ ವಾರದ ಸುಮಾರಿಗೆ ಕೂಡುವ ಮೃಗಶಿರ ಆಗಸ್ಟ್‌ನ ಮಖೆಯಾದ ಮೇಲೆ ಬಂತು. ಗದ್ದೆ ಮಾಡುವವರು ಯಾರಾದರೂ ನೋಡಿದರೆ ಒಪ್ಪುತ್ತಾರಾ?

ಕೆ-ಸಾರ್ಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದಕ್ಕೆ ಗೊತ್ತಿರುವುದು ಅಕ್ಷರಗಳ ಕ್ರಮ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಕೂತಿವೆ. ಸ್ವರ ಮೊದಲು, ಆಮೇಲೆ ಕವರ್ಗ, ಹಾಗೇ ಮುಂದಕ್ಕೆ. ಗುಣಿತದ ಚಿಹ್ನೆಗಳು ವ್ಯಂಜನಗಳ ನಂತರ ಬರುತ್ತವೆ. ಅದಕ್ಕೇ 'ಮಖೆ' ಮೊದಲು, 'ಮೃಗಶಿರ' ಆಮೇಲೆ. ಊರಿನ ಹೆಸರು, ಮಕ್ಕಳ ಹೆಸರಿನ ಪಟ್ಟಿಗೆ ಇದು ಸಾಕು. ನಕ್ಷತ್ರದ ಕ್ರಮ ಅಕ್ಷರದಲ್ಲಿ ಇಲ್ಲ, ಆಕಾಶದಲ್ಲಿದೆ. ಅದನ್ನು ನಾವೇ ಹೇಳಿಕೊಡಬೇಕು.

$ಕ್ರಮ = ['ಮೃಗಶಿರ', 'ಆರಿದ್ರಾ', 'ಪುನರ್ವಸು', 'ಪುಷ್ಯ', 'ಆಶ್ಲೇಷಾ', 'ಮಖೆ'];

ಅರೇ-ಫ್ಲಿಪ್ ಮಾಡಿದರೆ ಇದು ಹೆಸರಿನಿಂದ ಸ್ಥಾನ ಹೇಳುವ ಅರೇ ಆಗುತ್ತದೆ. ಅದನ್ನು $ಸ್ಥಾನ ಅಂತ ಇಟ್ಟುಕೊಂಡು, ಯು-ಕೆ-ಸಾರ್ಟ್‌ಗೆ ಈ ಹೋಲಿಕೆ ಕೊಡಿ:

$ಸ್ಥಾನ[$ಅ] <=> $ಸ್ಥಾನ[$ಬ]

ಈ ಮೂರು ಗುರುತಿನ ಚಿಹ್ನೆಗೆ ಸ್ಪೇಸ್‌ಶಿಪ್ ಅಂತ ಹೆಸರು. 2015ರಲ್ಲಿ ಬಂದ ಪಿಎಚ್‌ಪಿ 7ರಿಂದ ಇದೆ. ಎಡಗಡೆಯದು ಚಿಕ್ಕದಾದರೆ -1, ಸಮ ಆದರೆ 0, ದೊಡ್ಡದಾದರೆ 1 ಕೊಡುತ್ತದೆ.

ಇಲ್ಲೂ ಒಂದು ಕಡೆ ಎಡವುವುದು ಸಹಜ. ಮಾಮೂಲಿ ಫಂಕ್ಷನ್ ರೂಪದಲ್ಲಿ ಬರೆದರೆ ಹೊರಗಿನ $ಸ್ಥಾನ ಒಳಗೆ ಕಾಣುವುದಿಲ್ಲ. ಯೂಸ್ ಅಂತ ಹೇಳಿ ಒಳಗೆ ತರಬೇಕು. ತರದಿದ್ದರೆ ಎರಡೂ ಕಡೆ ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು), ಹೋಲಿಕೆ 0, ಸಾಲು ಇದ್ದಲ್ಲೇ ಇರುತ್ತದೆ. ಪರದೆ ತುಂಬ ವೇರಿಯಬಲ್ ಇಲ್ಲ ಅನ್ನುವ ಎಚ್ಚರಿಕೆ ಬಂದಿರುತ್ತದೆ, ಅದನ್ನು ಓದಿ. ಪಿಎಚ್‌ಪಿ 7.4ರಿಂದ ಬಂದ ಆ್ಯರೋ ಫಂಕ್ಷನ್ ಬಳಸಿದರೆ ಈ ತಾಪತ್ರಯ ಇಲ್ಲ.

ಒಂದೇ ಹೆಸರು ಎರಡು ಸಲ ಬಂದಿದೆ

ಮೂರನೇ ಸಂಜೆ. ಪಟ್ಟಿಯಲ್ಲಿ ಪುಷ್ಯ ಎರಡು ಕಡೆ. ಕಣ್ಣಿಗೆ ಎರಡೂ ಒಂದೇ. ಕೀ ಒಂದೇ ಆಗಿದ್ದರೆ ಎರಡು ಸಲ ಬರಲು ಸಾಧ್ಯವೇ ಇಲ್ಲ. ಅಂದರೆ ಎರಡೂ ಬೇರೆ ಬೇರೆ.

ಬೈಟ್ ಎಣಿಸುವುದನ್ನು ಕಲಿತರೆ ಇದು ಸುಲಭ. ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ, ಪ್ರತಿ ಅರ್ಧಾಕ್ಷರದ ಚಿಹ್ನೆಗೂ ಯುಟಿಎಫ್-8ನಲ್ಲಿ 3 ಬೈಟ್. ಪುಷ್ಯ ಅಂದರೆ ಪ, ಉಕಾರ, ಷ, ಅರ್ಧಾಕ್ಷರದ ಚಿಹ್ನೆ, ಯ. ಐದು, ಅಂದರೆ 15 ಬೈಟ್. ವಾರ್-ಡಂಪ್ ಕೀಯ ಉದ್ದ ಹೇಳುವುದಿಲ್ಲ, ಬೆಲೆಯದ್ದಷ್ಟೇ ಹೇಳುತ್ತದೆ. ಅದಕ್ಕೆ ಅರೇ-ಕೀಸ್ ಮಾಡಿ ಅದನ್ನು ವಾರ್-ಡಂಪ್ ಮಾಡಿ.

16 ಬಂದರೆ ಕೊನೆಯಲ್ಲೋ ಮೊದಲಲ್ಲೋ ಒಂದು ಮಾಮೂಲಿ ಖಾಲಿ ಜಾಗ ಅಂಟಿಕೊಂಡಿದೆ. ಟ್ರಿಮ್ ಸಾಕು. 17 ಬಂದರೆ ಅದು ವರ್ಡ್ ಫೈಲಿನಿಂದಲೋ ವೆಬ್ ಪುಟದಿಂದಲೋ ಬಂದ, ಸಾಲು ಮುರಿಯದ ಖಾಲಿ ಜಾಗ ಇರಬಹುದು. ಅದಕ್ಕೆ 2 ಬೈಟ್. ಮಾಮೂಲಿ ಟ್ರಿಮ್ ಅದನ್ನು ಮುಟ್ಟುವುದಿಲ್ಲ, ಬೇರೆಯಾಗಿ ತೆಗೆಯಬೇಕು. 18 ಬಂದರೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಹುಡುಕಿ. ಕನ್ನಡ ಟೈಪಿಂಗ್‌ನಲ್ಲಿ ಒತ್ತಕ್ಷರ ಬೇಕಾದ ಹಾಗೆ ಬರಲಿ ಅಂತ ಶೂನ್ಯ ಅಗಲದ ಅಕ್ಷರಗಳನ್ನು ಬಳಸುತ್ತೇವಲ್ಲ, ಅವು. ಫೈಲಿನ ಮೊಟ್ಟಮೊದಲ ಕೀ ಮಾತ್ರ 3 ಬೈಟ್ ಜಾಸ್ತಿ ಇದ್ದರೆ ಅದು ಫೈಲಿನ ತಲೆಯ ಮೇಲೆ ಕೂರುವ ಬಾಮ್ ಅನ್ನುವ ಗುರುತು. ಸ್ಪ್ರೆಡ್‌ಶೀಟಿನಿಂದ ಉಳಿಸಿದ ಫೈಲುಗಳಲ್ಲಿ ಇದು ಆಗಾಗ ಸಿಗುತ್ತದೆ.

'ರೋಹಿಣಿ'ಯ ವಿಷಯ ಬೇರೆ. ರೋ ಅನ್ನುವುದನ್ನು ಎರಡು ರೀತಿ ಬರೆಯಬಹುದು. ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆದರೆ ರೋಹಿಣಿ 18 ಬೈಟ್. ಅದೇ ಓಕಾರವನ್ನು ತುಂಡು ತುಂಡಾಗಿ, ಎಕಾರ, ಊಕಾರ, ದೀರ್ಘ ಅಂತ ಮೂರು ಚಿಹ್ನೆ ಮಾಡಿದರೆ 24. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಹಳೆ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಿದ ಬರಹದಲ್ಲಿ ಇಂಥವು ಸಿಗುತ್ತವೆ. ಶಿವಮೊಗ್ಗ, ಸೊರಬ, ಹೊಸನಗರ, ಕೊಪ್ಪ, ನಮ್ಮ ಕಡೆಯ ಎಷ್ಟು ಊರಿನ ಹೆಸರಲ್ಲಿ ಒಕಾರ ಇದೆ ನೋಡಿ. ಅವಕ್ಕೆಲ್ಲ ಇದೇ ಅಪಾಯ. ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿರುವ ನಾರ್ಮಲೈಜರ್ ಎರಡೂ ರೂಪವನ್ನು ಒಂದು ಮಾಡುತ್ತದೆ. ಹೊರಗಿನಿಂದ ಬರುವ ಪ್ರತಿ ಕನ್ನಡ ಕೀಯನ್ನೂ ಮೊದಲು ನಾರ್ಮಲೈಜ್, ಆಮೇಲೆ ಟ್ರಿಮ್ ಮಾಡುವುದು ಒಳ್ಳೆಯ ಅಭ್ಯಾಸ.

ಕೆಲವು ಸಲ ಯಂತ್ರದ ತಪ್ಪೇ ಇರುವುದಿಲ್ಲ. ಅಜ್ಜ ಒಂದು ವರ್ಷ 'ಆರಿದ್ರಾ' ಅಂತ, ಇನ್ನೊಂದು ವರ್ಷ 'ಆರಿದ್ರ' ಅಂತ ಬರೆದಿದ್ದರು. ಅದನ್ನು ಕೂತು ಸರಿ ಮಾಡಬೇಕು, ಬೇರೆ ದಾರಿ ಇಲ್ಲ.

ಕೀಗಳನ್ನು ಒಂದು ಮಾಡಿದ ಕೂಡಲೇ ಉಲ್ಟಾ ಅಪಾಯ ಶುರುವಾಗುತ್ತದೆ. ಒಂದೇ ಕೀಗೆ ಎರಡನೇ ಸಲ ಬೆಲೆ ಇಟ್ಟರೆ ಮೊದಲನೆಯದು ಸುಮ್ನೆ ಅಳಿಸಿಹೋಗುತ್ತದೆ. ಸೂಚನೆ ಏನೂ ಬರುವುದಿಲ್ಲ. ಎರಡನ್ನೂ ಕೂಡಬೇಕಿದ್ದರೆ ಕೂಡಿಯೇ ಇಡಿ, ಮೊತ್ತವನ್ನು ಮತ್ತೆ ನೋಡಿ.

ಅರೇ ಒಳಗೆ ಅರೇ ಇದ್ದರೆ

'ಪುಷ್ಯ' => ['ಮಳೆ' => 1020.4, 'ದಿನ' => 14] ಹೀಗಿದ್ದಾಗ ಎ-ಸಾರ್ಟ್‌ಗೆ ನೀವು ಯಾವುದರ ಮೇಲೆ ಜೋಡಿಸಬೇಕು ಅಂತೀರಿ ಅನ್ನುವುದು ತಿಳಿಯುವುದಿಲ್ಲ. ಯು-ಎ-ಸಾರ್ಟ್ ಬಳಸಿ. ಜಾಸ್ತಿ ಮಳೆ ಮೇಲೆ ಬರಬೇಕಾದರೆ 'ಬ'ವನ್ನು ಎಡಕ್ಕೆ ಹಾಕಿ: $ಬ['ಮಳೆ'] <=> $ಅ['ಮಳೆ'].

ಹೋಲಿಕೆಗೆ ಸ್ಪೇಸ್‌ಶಿಪ್ ಬದಲು ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕ ಹಾಕಬೇಡಿ. 548.2ರಿಂದ 547.9 ಕಳೆದರೆ 0.3 ಬರುತ್ತದೆ. ಪಿಎಚ್‌ಪಿ ಅದನ್ನು ಪೂರ್ಣಾಂಕ ಮಾಡಿ 0 ಅಂದುಕೊಳ್ಳುತ್ತದೆ, ಎರಡೂ ಸಮ ಅನ್ನುತ್ತದೆ. ದಶಮಾಂಶದ ಮಳೆ ಲೆಕ್ಕದಲ್ಲಿ ಹತ್ತಿರ ಹತ್ತಿರದ ಎರಡು ಸಾಲು ಮಾತ್ರ ಅದಲು ಬದಲಾಗಿದ್ದರೆ ಕಾರಣ ಇದೇ ಇರಬೇಕು. ದೊಡ್ಡದಾ ಅಂತ ಮಾತ್ರ ಕೇಳಿ ಟ್ರೂ, ಫಾಲ್ಸ್ ಕೊಟ್ಟರೂ ಪಿಎಚ್‌ಪಿ 8 ಗದರುತ್ತದೆ.

ಎರಡು ನಕ್ಷತ್ರದ ಮಳೆ ನಿಜವಾಗಿಯೂ ಸಮ ಇದ್ದರೆ? 2020ರಲ್ಲಿ ಬಂದ ಪಿಎಚ್‌ಪಿ 8.0ರಿಂದ ಅವು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತವೆ. ಅದಕ್ಕಿಂತ ಹಳೆಯದರಲ್ಲಿ ಆ ಭರವಸೆ ಇಲ್ಲ.

ಪಿಎಚ್‌ಪಿಯಲ್ಲಿ ಸರಿ, ಬ್ರೌಸರ್‌ನಲ್ಲಿ ತಪ್ಪು

ಕೀ ಸಂಖ್ಯೆಯಾಗಿದ್ದರೆ ಹೀಗಾಗುತ್ತದೆ. ಶಿವಮೊಗ್ಗ 577201, ಸಾಗರ 577401, ತೀರ್ಥಹಳ್ಳಿ 577432 ಅಂತ ಪಿನ್‌ಕೋಡನ್ನೇ ಕೀ ಮಾಡಿ, ಮಳೆಯ ಪ್ರಕಾರ ಜೋಡಿಸಿ, ಜೇಸನ್ (ಬ್ರೌಸರ್‌ಗೆ ಮಾಹಿತಿ ಕಳಿಸುವ ರೂಪ) ಮಾಡಿ ಕಳಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಪಿನ್‌ಕೋಡಿನ ಏರಿಕೆ ಕ್ರಮದಲ್ಲೇ ಓದುತ್ತದೆ. ಸಂಖ್ಯೆಯ ಕೀಗಳಿಗೆ ಅಲ್ಲಿ ನಿಯಮವೇ ಹಾಗೆ. ಪಿನ್‌ಕೋಡ್ ಮತ್ತು ಮಳೆ ಎರಡನ್ನೂ ಒಳಗಿಟ್ಟ ಸಣ್ಣ ಅರೇಗಳ ಪಟ್ಟಿ ಮಾಡಿ ಕಳಿಸಿ.

ಖಾಲಿ ಬಿಟ್ಟ ದಿನಗಳು

ಕೊನೆಗೆ ಉಳಿದದ್ದು ಇದು. ಡೈರಿಯ ಕೆಲವು ಕಡೆ '0' ಇದೆ, ಕೆಲವು ಕಡೆ ಏನೂ ಇಲ್ಲ. ಅವಳು ಖಾಲಿ ಇದ್ದದ್ದನ್ನು ತೆಗೆಯಲು ಅರೇ-ಫಿಲ್ಟರ್ ಹಾಕಿದಳು. ಬೇರೆ ನಿಯಮ ಕೊಡದಿದ್ದರೆ ಅರೇ-ಫಿಲ್ಟರ್ 0ಯನ್ನೂ ಖಾಲಿ ಅಂತಲೇ ಎಣಿಸಿ ತೆಗೆದುಬಿಡುತ್ತದೆ. 0 ಅಂದರೆ ಅಜ್ಜ ಹೋಗಿ ನೋಡಿದ್ದಾರೆ, ಮಳೆ ಬಂದಿಲ್ಲ ಅಂತ. ಖಾಲಿ ಅಂದರೆ ಅವತ್ತು ನೋಡಿಲ್ಲ ಅಂತ. ಎರಡೂ ಒಂದಲ್ಲ ಅಲ್ವಾ? ಖಾಲಿ ಜಾಗಕ್ಕೆ ನಲ್ ಇಟ್ಟು, ನಲ್ ಅಲ್ಲದ್ದನ್ನು ಮಾತ್ರ ಉಳಿಸು ಅಂತ ಅರೇ-ಫಿಲ್ಟರ್‌ಗೆ ಹೇಳಿದೆವು. ಅರೇ-ಫಿಲ್ಟರ್ ಕೀಗಳನ್ನು ಉಳಿಸುತ್ತದೆ, ಹಾಗಾಗಿ ಚೀಟಿ ಕಳೆಯುವ ಭಯ ಇಲ್ಲ. ಉಳಿದದ್ದನ್ನು ಜೋಡಿಸಿ, ನೋಡದ ದಿನಗಳನ್ನು ಪಟ್ಟಿಯ ಕೆಳಗೆ 'ಅಳತೆ ಇಲ್ಲ' ಅಂತ ಬೇರೆಯಾಗಿ ತೋರಿಸಿದಳು.

ಆ ಪಟ್ಟಿಯಲ್ಲಿ ಒಂದೇ ವರ್ಷದ ಆಶ್ಲೇಷಾದ ಒಂಬತ್ತು ದಿನ ಸಾಲಾಗಿ ಇದ್ದವು. ಅಮ್ಮನಿಗೆ ತೋರಿಸಿದೆ. ಆ ವರ್ಷ ಅಜ್ಜನಿಗೆ ಜ್ವರ ಬಂದು ಮಲಗಿದ್ದರು ಅಂದರು.